ಗೆದ್ದವರು ಕಟ್ಟಿದ ಕಪ್ಪ

ಯುದ್ಧದಲ್ಲಿ ಸೋತವರು ಗೆದ್ದವರಿಗೆ ಹಣ ಕಟ್ಟುವುದು ಹೊಸ ಸಂಗತಿಯೇನಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು. ಷರತ್ತುಗಳು ಪೂರೈಸುವವರೆಗೆ ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ನಾವೆಲ್ಲ ಶಾಲೆಯಲ್ಲಿ ಓದಿದ ಪಾಠ ಇದು. ಓದುವಾಗ ಸಂಕಟವಾಗುತ್ತದೆ, ಆದರೆ ಅದರ ತರ್ಕ ಅರ್ಥವಾಗುತ್ತದೆ: ಸೋತ, ಆದ್ದರಿಂದ ಕೊಟ್ಟ. ಗೆದ್ದವರು ಸೋತವರಿಗೆ ಕಪ್ಪ ಕಟ್ಟಿದ್ದು ಎಲ್ಲಾದರೂ ಉಂಟೇ? ಉಂಟು. ಅದೂ ನಮ್ಮ ಕಿತ್ತೂರಿನಲ್ಲಿ ಚೆನ್ನಮ್ಮ ಕಂಪನಿಯ ವಿರುದ್ಧ ಕತ್ತಿ ಹಿಡಿದ ಮರುವರ್ಷವೇ, ಭೂಮಿಯ ಇನ್ನೊಂದು ಬದಿಯಲ್ಲಿ.

1825ರ ಜುಲೈನಲ್ಲಿ ಕೆರಿಬಿಯನ್ ಸಮುದ್ರದ ಹೈಟಿ ದೇಶದ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ಗೆ ಫ್ರಾನ್ಸಿನಿಂದ ಬ್ಯಾರನ್ ಮಕೋ ಎಂಬ ದೂತ ಬಂದ. ಕೈಯಲ್ಲಿ ದೊರೆ ಹತ್ತನೆಯ ಚಾರ್ಲ್ಸ್ ಏಪ್ರಿಲ್ 17ರಂದು ಹೊರಡಿಸಿದ ಆಜ್ಞಾಪತ್ರ, ಬೆನ್ನಿಗೆ 14 ಯುದ್ಧನೌಕೆಗಳು, ಅವುಗಳ ಮೇಲೆ ಸುಮಾರು 500 ಫಿರಂಗಿಗಳು. ಪತ್ರದ ಸಾರ ಇಷ್ಟು: ನಿಮ್ಮ ಸ್ವಾತಂತ್ರ್ಯವನ್ನು ನಾವು ದಯಪಾಲಿಸುತ್ತೇವೆ, ಬದಲಿಗೆ ಅಲ್ಲಿ ಆಸ್ತಿ ಕಳೆದುಕೊಂಡ ಫ್ರೆಂಚ್ ತೋಟದ ಮಾಲೀಕರಿಗೆ ನೀವು 15 ಕೋಟಿ ಫ್ರಾಂಕ್ ಪರಿಹಾರ ಕೊಡಬೇಕು, ಐದು ಸಮ ಕಂತುಗಳಲ್ಲಿ. ನಿಮ್ಮ ಬಂದರುಗಳಲ್ಲಿ ನಮ್ಮ ಹಡಗುಗಳಿಗೆ ಅರ್ಧ ಸುಂಕ ಮಾತ್ರ.

ಹೈಟಿಯ ಜನ ಆ ಸ್ವಾತಂತ್ರ್ಯವನ್ನು 21 ವರ್ಷಗಳ ಹಿಂದೆಯೇ ಯುದ್ಧ ಮಾಡಿ ಗೆದ್ದುಕೊಂಡಿದ್ದರು. ಎದುರಿಗೆ ನಿಂತದ್ದು ನೆಪೋಲಿಯನ್ನನ ಸೈನ್ಯ. ಈಗ ಅದೇ ಜನ, ತಮ್ಮನ್ನು ದನಗಳಂತೆ ಕೊಂಡುಕೊಂಡಿದ್ದವರಿಗೆ ಪರಿಹಾರ ಕೊಡಬೇಕಾಗಿತ್ತು. ತೋಟದ ಬೆಲೆಯಲ್ಲಿ ಬಹುಪಾಲು ಅಲ್ಲಿ ದುಡಿಯುತ್ತಿದ್ದ ಗುಲಾಮರ ಬೆಲೆಯೇ ಆದ್ದರಿಂದ, ಸರಳವಾಗಿ ಹೇಳುವುದಾದರೆ, ಅವರು ತಮ್ಮ ಮೈಗೆ ತಾವೇ ಬೆಲೆ ತೆರಬೇಕಾಗಿತ್ತು.

ಹೈಟಿ ಎಂದರೆ ನಮಗೆ ನೆನಪಾಗುವುದು 2010ರ ಭೂಕಂಪ, 2021ರಲ್ಲಿ ಅಧ್ಯಕ್ಷರನ್ನು ಮನೆಯಲ್ಲೇ ಕೊಂದ ಸುದ್ದಿ, ಆಮೇಲೆ ಬಂದೂಕು ಹಿಡಿದ ಗ್ಯಾಂಗುಗಳ ಚಿತ್ರಗಳು. 'ಪಶ್ಚಿಮ ಗೋಳಾರ್ಧದ ಅತ್ಯಂತ ಬಡ ದೇಶ' ಎಂಬ ವಿಶೇಷಣವಿಲ್ಲದೆ ಅದರ ಹೆಸರು ಪತ್ರಿಕೆಯಲ್ಲಿ ಬರುವುದು ಕಡಿಮೆ. ಆ ಬಡತನದ ಇತಿಹಾಸ ಓದುತ್ತಾ ಹೋದಂತೆ ನನಗೆ ಅರ್ಥಶಾಸ್ತ್ರಕ್ಕಿಂತ ಹೆಚ್ಚಾಗಿ ಕಾಡಿದ್ದು ಒಂದು ನೈತಿಕ ಪ್ರಶ್ನೆ. ಸಾಲ ಎಂದರೇನು? ಯಾರು ಯಾರಿಗೆ ಸಾಲಗಾರರು? ಅದನ್ನು ತೀರ್ಮಾನಿಸುವವರು ಯಾರು?

ಮೊದಲಿಗೆ ಹಿನ್ನೆಲೆ. ಕೊಲಂಬಸ್ 1492ರ ಡಿಸೆಂಬರಿನಲ್ಲಿ ಕಾಲಿಟ್ಟ ಹಿಸ್ಪಾನಿಯೋಲ ದ್ವೀಪದಲ್ಲಿ ಆಗ ಟೈನೋ ಜನರಿದ್ದರು. ಚಿನ್ನದ ಗಣಿಯ ದುಡಿತ, ಹಿಂಸೆ, ಹೊಸ ರೋಗಗಳು ಸೇರಿ ಕೆಲವೇ ದಶಕಗಳಲ್ಲಿ ಆ ಸಮಾಜವನ್ನು ಮುಗಿಸಿದವು. 1697ರಲ್ಲಿ ದ್ವೀಪದ ಪಶ್ಚಿಮದ ಮೂರನೇ ಒಂದು ಭಾಗ ಸ್ಪೇನಿನಿಂದ ಫ್ರಾನ್ಸಿಗೆ ಬಂತು. ಫ್ರೆಂಚರು ಅದನ್ನು ಸ್ಯಾಂ-ದೊಮಾಂಗ್ ಎಂದು ಕರೆದರು. ನಮ್ಮ ಕರ್ನಾಟಕದ ಏಳನೇ ಒಂದು ಭಾಗದಷ್ಟಿರುವ ಈ ನೆಲ 1780ರ ದಶಕದ ಹೊತ್ತಿಗೆ ಯುರೋಪು ತಿನ್ನುತ್ತಿದ್ದ ಸಕ್ಕರೆಯಲ್ಲಿ ಸುಮಾರು ಶೇಕಡಾ 40ರಷ್ಟನ್ನು, ಕುಡಿಯುತ್ತಿದ್ದ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳಿಸುತ್ತಿತ್ತು. ಆಗಿನ ಜಗತ್ತಿನ ಅತಿ ಲಾಭದ ವಸಾಹತು ಅದೇ.

ಈ ಲಾಭ ಬಂದದ್ದು ಹೇಗೆ? ಮಂಡ್ಯದ ಕಡೆಯವರಿಗೆ ಗೊತ್ತು, ಕಡಿದ ಕಬ್ಬು ಕಾಯುವುದಿಲ್ಲ. ತಡವಾದರೆ ರಸ ಕೆಡುತ್ತದೆ. ಹಾಗಾಗಿ ಸುಗ್ಗಿಯಲ್ಲಿ ಗಾಣ ಹಗಲು ರಾತ್ರಿ ತಿರುಗಬೇಕು, ಕುದಿಯುವ ಕೊಪ್ಪರಿಗೆಗಳ ಮುಂದೆ ಸರದಿಯಂತೆ ಜನ ನಿಂತಿರಬೇಕು. ಸರದಿ, ಗಂಟೆ, ಮೇಸ್ತ್ರಿ, ಕೆಲಸವನ್ನು ತುಂಡು ಮಾಡಿ ಹಂಚುವುದು, ಇವೆಲ್ಲ ಮ್ಯಾಂಚೆಸ್ಟರಿನ ಹತ್ತಿ ಗಿರಣಿಗಳಿಗಿಂತ ಮುಂಚೆ ಕೆರಿಬಿಯನ್ ತೋಟಗಳಲ್ಲಿ ಇದ್ದವು ಎಂದು ಮಾನವಶಾಸ್ತ್ರಜ್ಞ ಸಿಡ್ನಿ ಮಿಂಟ್ಸ್ ಸಕ್ಕರೆಯ ಚರಿತ್ರೆ ಬರೆಯುವಾಗ ತೋರಿಸಿದ್ದಾರೆ. ನಿದ್ದೆಗಣ್ಣಿನಲ್ಲಿ ಕಬ್ಬು ತಳ್ಳುವವರ ಕೈ ಉರುಳೆಗೆ ಸಿಕ್ಕಿದರೆ ಕಡಿಯಲು ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರು. ಗಾಣ ನಿಲ್ಲಿಸುವುದಕ್ಕಿಂತ ಕೈ ಕಡಿಯುವುದು ಬೇಗ ಆಗುವ ಕೆಲಸ.

ಗುಲಾಮಗಿರಿ ಹಳೆಯ ಕಾಲದ ಅನಾಗರಿಕ ಪದ್ಧತಿ, ಬಂಡವಾಳಶಾಹಿ ಬಂದ ಮೇಲೆ ತೊಲಗಿತು ಎಂದು ನಾವು ಅಂದುಕೊಂಡಿರುತ್ತೇವೆ. ಸ್ಯಾಂ-ದೊಮಾಂಗ್ ಈ ಅನಿಸಿಕೆಯನ್ನು ಬುಡಮೇಲು ಮಾಡುತ್ತದೆ. ಅಲ್ಲಿನ ತೋಟಗಳು ಆ ಕಾಲದ ಅತ್ಯಂತ ಆಧುನಿಕ ಉದ್ದಿಮೆಗಳು. ನಾಂತ್, ಬೋರ್ಡೋ ಬಂದರುಗಳ ವರ್ತಕರ ಸಾಲ, ಹಡಗಿನ ವಿಮೆ, ವರ್ಷವರ್ಷದ ಲೆಕ್ಕಪತ್ರ, ಎಲ್ಲವೂ ಇದ್ದವು. ಆ ಲೆಕ್ಕಪತ್ರವೇ ಹೇಳುತ್ತಿತ್ತು: ಒಂದು ಮಗುವನ್ನು ದುಡಿಯುವ ವಯಸ್ಸಿನವರೆಗೆ ಸಾಕುವುದಕ್ಕಿಂತ ಆಫ್ರಿಕಾದಿಂದ ಹೊಸಬನನ್ನು ಕೊಂಡು ತರುವುದು ಅಗ್ಗ. 1789ರ ಸುಮಾರಿಗೆ ಅಲ್ಲಿ ಹತ್ತಿರಹತ್ತಿರ 5 ಲಕ್ಷ ಗುಲಾಮರಿದ್ದರು. ಬಿಳಿಯರು ಮೂವತ್ತು ನಲವತ್ತು ಸಾವಿರ. 1780ರ ದಶಕದ ಕೊನೆಯಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಜನರನ್ನು ಹೊಸದಾಗಿ ತರುತ್ತಿದ್ದರು. ಸಾಯುವವರು ಹುಟ್ಟುವವರಿಗಿಂತ ಹೆಚ್ಚು. ಆ ಜಾಗ ತುಂಬಬೇಕಲ್ಲ. ಇದರಲ್ಲಿ ಕ್ರೌರ್ಯ ಎದ್ದು ಕಾಣುತ್ತದೆ. ನನ್ನನ್ನು ಹೆಚ್ಚು ಬೆಚ್ಚಿಸುವುದು ಮಾತ್ರ ಅದರ ಹಿಂದಿನ ತಣ್ಣಗಿನ ಗಣಿತ. ಕೋಪದಿಂದ ಮಾಡುವ ಹಿಂಸೆಗೆ ಎಲ್ಲೋ ಒಂದು ಕಡೆ ದಣಿವಿದೆ, ಲಾಭಕ್ಕಾಗಿ ಮಾಡುವ ಹಿಂಸೆಗೆ ದಣಿವಿಲ್ಲ.

1791ರ ಆಗಸ್ಟಿನಲ್ಲಿ ಉತ್ತರದ ಬಯಲಿನ ತೋಟಗಳಿಗೆ ಬೆಂಕಿ ಬಿತ್ತು. ಮುಂದಿನ ಹನ್ನೆರಡು ವರ್ಷ ಫ್ರೆಂಚರು, ಸ್ಪೇನಿನವರು, ಬ್ರಿಟಿಷರು, ಮತ್ತೆ ಫ್ರೆಂಚರು, ಒಬ್ಬರ ನಂತರ ಒಬ್ಬರು ಬಂದು ಸೋತರು. ಗುಲಾಮನಾಗಿ ಹುಟ್ಟಿದ ಟೂಸಾಂ ಲೂವರ್ತೂರ್ ಸೇನಾಪತಿಯಾದ. 1802ರಲ್ಲಿ ಅವನನ್ನು ಮೋಸದಿಂದ ಹಿಡಿದು ಫ್ರಾನ್ಸಿಗೆ ಒಯ್ದರು. ಮರುವರ್ಷ ಏಪ್ರಿಲ್‌ನಲ್ಲಿ ಜುರಾ ಬೆಟ್ಟಸೀಮೆಯ ತಣ್ಣನೆಯ ಕೋಟೆಯೊಂದರಲ್ಲಿ ಸತ್ತ. ಆದರೆ ಯುದ್ಧ ನಿಲ್ಲಲಿಲ್ಲ. 1803ರ ನವೆಂಬರ್ 18ರಂದು ವರ್ತಿಯೇರ್ ಎಂಬಲ್ಲಿ ಫ್ರೆಂಚ್ ಸೈನ್ಯ ಕೊನೆಯದಾಗಿ ಸೋತಿತು. 1804ರ ಜನವರಿ 1ರಂದು ಡೆಸಲೀನ್ ಹೈಟಿಯ ಸ್ವಾತಂತ್ರ್ಯ ಘೋಷಿಸಿದ. ಗುಲಾಮರು ದಂಗೆಯೆದ್ದು ಗೆದ್ದು ಒಂದು ದೇಶ ಕಟ್ಟಿದ್ದು ಚರಿತ್ರೆಯಲ್ಲಿ ಇದೊಂದೇ. ಗೆದ್ದವರ ಕೈಯೂ ಶುದ್ಧವಾಗಿರಲಿಲ್ಲ. ಆ ವರ್ಷವೇ ಡೆಸಲೀನ್‌ನ ಆಜ್ಞೆಯ ಮೇರೆಗೆ ಉಳಿದಿದ್ದ ಫ್ರೆಂಚ್ ಬಿಳಿಯರನ್ನು, ಹೆಂಗಸರು ಮಕ್ಕಳೆನ್ನದೆ, ಕೊಲ್ಲಲಾಯಿತು. ಇದನ್ನು ಮರೆಮಾಚಿ ಹೈಟಿಯ ಕತೆ ಹೇಳಬಾರದು.

ಇಲ್ಲಿಂದ ಮುಂದಿನದು ನನಗೆ ಹೆಚ್ಚು ಮುಖ್ಯವೆನಿಸುವ ಭಾಗ. ಬಿಡುಗಡೆ ಬಂತು, ಆದರೆ ಬಿಡುಗಡೆಯಾದವರು ಮಾಡುವುದೇನು? ಟೂಸಾಂನಿಗೇ ಈ ಸಮಸ್ಯೆ ಎದುರಾಗಿತ್ತು. ಸ್ವಾತಂತ್ರ್ಯ ಉಳಿಯಬೇಕಾದರೆ ಸೈನ್ಯ ಬೇಕು, ಸೈನ್ಯಕ್ಕೆ ಬಂದೂಕು, ಬಂದೂಕಿಗೆ ಹಣ, ಹಣಕ್ಕೆ ಸಕ್ಕರೆ. ಸಕ್ಕರೆಗೆ ತೋಟ ಬೇಕು, ತೋಟಕ್ಕೆ ಆಳು ಬೇಕು. ಆದ್ದರಿಂದ ಅವನು ನಿನ್ನೆಯವರೆಗೆ ಗುಲಾಮರಾಗಿದ್ದವರನ್ನು ಸಿಪಾಯಿಗಳ ಕಾವಲಿನಲ್ಲಿ ಹಳೆಯ ತೋಟಗಳಿಗೇ ವಾಪಸು ಕಳಿಸಿದ. ಚಾಟಿ ಇಲ್ಲ, ಫಸಲಿನಲ್ಲಿ ಒಂದು ಪಾಲು ಉಂಟು, ಆದರೆ ತೋಟ ಬಿಟ್ಟು ಹೋಗುವಂತಿಲ್ಲ. ಜನಕ್ಕೆ ಬೇಕಾಗಿದ್ದದ್ದೇ ಬೇರೆ. ಅವರಿಗೆ ಸ್ವಾತಂತ್ರ್ಯವೆಂದರೆ ಒಂದು ತುಂಡು ಹೊಲ, ನಾಲ್ಕು ಬಾಳೆಗಿಡ, ಗೆಣಸು, ಒಂದು ಹಂದಿ, ಯಾರ ಗಂಟೆಗೂ ಏಳಬೇಕಾಗಿಲ್ಲದ ಬೆಳಗು. ಅವರು ಗುಡ್ಡ ಹತ್ತಿದರು. ಸಕ್ಕರೆ ಬಿಟ್ಟು ಹೊಟ್ಟೆಗೆ ಬೇಕಾದ್ದನ್ನು ಬೆಳೆದರು, ಕೈಕಾಸಿಗೆ ಒಂದಷ್ಟು ಕಾಫಿ.

ಅರ್ಥಶಾಸ್ತ್ರದ ಅಂಕಿಅಂಶಗಳಲ್ಲಿ ಇದು ಕುಸಿತ. ರಫ್ತು ಬಿತ್ತು, ಸಕ್ಕರೆ ನಿಂತಿತು. ಆ ಹೊಲದಲ್ಲಿ ನಿಂತವನ ಕಣ್ಣಿನಿಂದ ನೋಡಿದರೆ? ಹಿಂದೆ ಯುರೋಪಿಗೆ ಹಡಗುಗಟ್ಟಲೆ ಸಕ್ಕರೆ ಹೋಗುತ್ತಿದ್ದಾಗ ಅವನ ಮಕ್ಕಳು ಬದುಕುತ್ತಿರಲಿಲ್ಲ, ಈಗ ಬದುಕುತ್ತಿದ್ದವು. ಗುಲಾಮಗಿರಿ ಕಾಲದಲ್ಲಿ ಹೊಸಬರನ್ನು ತಂದು ತುಂಬಿಸಬೇಕಾಗಿದ್ದ ಜನಸಂಖ್ಯೆ, ಸ್ವಾತಂತ್ರ್ಯದ ನಂತರ ತಾನಾಗಿಯೇ ಬೆಳೆಯಿತು. ಯಾವುದನ್ನು 'ಅಭಿವೃದ್ಧಿ' ಎನ್ನಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಮೊನಚಾದ ಉದಾಹರಣೆ ನನಗೆ ಗೊತ್ತಿಲ್ಲ. ತ್ರೈಮಾಸಿಕ ವರದಿಗಳಲ್ಲಿ ಬದುಕುವ ನಮ್ಮಂಥವರು ಒಂದು ಕ್ಷಣ ಇಲ್ಲಿ ನಿಲ್ಲಬೇಕು.

ಆ ಗುಡ್ಡದ ಕಾಫಿಯನ್ನು ಹುಡುಕಿಕೊಂಡೇ 1825ರ ಹಡಗುಗಳು ಬಂದವು ಎನ್ನಬಹುದು. ಅಧ್ಯಕ್ಷ ಬ್ವಾಯೇ ಯಾಕೆ ಸಹಿ ಹಾಕಿದ? ಫಿರಂಗಿಯ ಭಯ ಒಂದು ಕಾರಣ. ಇನ್ನೊಂದು ಮಾನ್ಯತೆ. ಅಲ್ಲಿಯವರೆಗೆ ಯಾವ ದೊಡ್ಡ ದೇಶವೂ ಹೈಟಿಯನ್ನು ದೇಶವೆಂದು ಒಪ್ಪಿರಲಿಲ್ಲ. ಸ್ವಾತಂತ್ರ್ಯದ ಮಾತಾಡುತ್ತಿದ್ದ ಅಮೆರಿಕ ಒಪ್ಪಿದ್ದು 1862ರಲ್ಲಿ. ಪರಿಹಾರ ಕೊಟ್ಟು ಮಾನ್ಯತೆ ಪಡೆಯುವ ಮಾತನ್ನು 1814ರ ಸುಮಾರಿಗೆ ದಕ್ಷಿಣದ ಆಡಳಿತಗಾರ ಪೆಟಿಯೋಂ ತಾನೇ ಎತ್ತಿದ್ದ. ಉತ್ತರದ ದೊರೆ ಕ್ರಿಸ್ಟೋಫ್ ಅದನ್ನು ತಿರಸ್ಕರಿಸಿದ್ದ. ಪಟ್ಟಣದ ವರ್ತಕರಿಗೆ, ಸೇನಾಧಿಕಾರಿಗಳಿಗೆ ವ್ಯಾಪಾರ ಬೇಕಿತ್ತು. ಸಹಿ ಹಾಕಿದವರು ಅವರು, ಕಟ್ಟಿದವರು ಬೇರೆಯವರು.

ಮೊತ್ತದ ಗಾತ್ರ ತಿಳಿಯಲು ಒಂದು ಹೋಲಿಕೆ. 1803ರಲ್ಲಿ ನೆಪೋಲಿಯನ್ ಲೂಯಿಸಿಯಾನ ಪ್ರಾಂತ್ಯವನ್ನು ಅಮೆರಿಕಕ್ಕೆ ಮಾರಿದ್ದು 8 ಕೋಟಿ ಫ್ರಾಂಕಿಗೆ. ಅದು ಹೈಟಿಗಿಂತ 70 ಪಟ್ಟಿಗೂ ಹೆಚ್ಚು ದೊಡ್ಡ ನೆಲ. ಹೈಟಿಗೆ ಹಾಕಿದ್ದು ಅದರ ಹತ್ತಿರಹತ್ತಿರ ಎರಡರಷ್ಟು. 3 ಕೋಟಿಯ ಮೊದಲ ಕಂತು ಸರ್ಕಾರದ ವಾರ್ಷಿಕ ಆದಾಯದ ಹಲವು ಪಟ್ಟು. ಕೊಡಲು ಹಣವಿಲ್ಲ. ಸಾಲ ಎಲ್ಲಿ ಸಿಗುತ್ತದೆ? ಪ್ಯಾರಿಸ್ಸಿನಲ್ಲಿ. ಅಲ್ಲಿನ ಬ್ಯಾಂಕುಗಳು 3 ಕೋಟಿ ಸಾಲ ಬರೆದುಕೊಂಡವು, 60 ಲಕ್ಷ ಕಮಿಷನ್ ಮುರಿದುಕೊಂಡವು, 2 ಕೋಟಿ 40 ಲಕ್ಷ ಕೊಟ್ಟವು. ಆ ಹಣ ಪ್ಯಾರಿಸ್ಸಿನಿಂದ ಪ್ಯಾರಿಸ್ಸಿಗೇ ಹೋಯಿತು. ಬಡ್ಡಿ ಮಾತ್ರ ಹೈಟಿಯ ಪಾಲಿಗೆ. ಪರಿಹಾರದ ಸಾಲ ಒಂದು, ಅದನ್ನು ತೀರಿಸಲು ಮಾಡಿದ ಸಾಲ ಇನ್ನೊಂದು. ಇತಿಹಾಸಕಾರರು ಇದನ್ನು 'ಜೋಡಿ ಸಾಲ' ಎನ್ನುತ್ತಾರೆ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು, ಆದರೆ ಅಷ್ಟು ಹೊತ್ತಿಗೆ ಸಾಲ ತೀರಿಸುವುದೇ ಆ ಸರ್ಕಾರದ ಮುಖ್ಯ ಕೆಲಸವಾಗಿತ್ತು.

1826ರಲ್ಲಿ ಬ್ವಾಯೇ ರೈತರನ್ನು ನೆಲಕ್ಕೆ ಕಟ್ಟಿಹಾಕುವ ಕಾನೂನು ತಂದ. ಜನ ಸೊಪ್ಪು ಹಾಕಲಿಲ್ಲ. ಆಗ ಉಳಿದ ದಾರಿ ಬಂದರು. ಗುಡ್ಡದ ರೈತ ಹೇಸರಗತ್ತೆಯ ಮೇಲೆ ಹೇರಿಕೊಂಡು ತಂದ ಕಾಫಿ ಹಡಗು ಹತ್ತುವ ಮುಂಚೆ ಅದರ ಮೇಲೆ ಸುಂಕ. ಹತ್ತೊಂಬತ್ತನೆಯ ಶತಮಾನ ಪೂರ್ತಿ ಸರ್ಕಾರ ನಡೆದದ್ದು ಮುಖ್ಯವಾಗಿ ಆ ಸುಂಕದ ಮೇಲೆ. ಅದರಿಂದ ಶಾಲೆ ಬರಲಿಲ್ಲ, ರಸ್ತೆ ಬರಲಿಲ್ಲ. ಸರ್ಕಾರಕ್ಕೆ ರೈತನ ಜೊತೆ ಇದ್ದ ಸಂಬಂಧ ಸುಂಕದ ಕಟ್ಟೆಯದು ಮಾತ್ರ. ಹೈಟಿಯ ಕ್ರಿಯೋಲ್ ಭಾಷೆಯಲ್ಲಿ ಹಳ್ಳಿಯವರನ್ನು 'ಮೂನ್ ಆಂದೆಯೋ' ಎನ್ನುತ್ತಾರೆ. ಎಂದರೆ 'ಹೊರಗಿನವರು'. ಜನಸಂಖ್ಯೆಯ ಬಹುಪಾಲು ತಮ್ಮ ದೇಶದಲ್ಲೇ ಹೊರಗಿನವರು! ಆಡಳಿತ, ಕೋರ್ಟು, ಪಾಠ ಎಲ್ಲ ಫ್ರೆಂಚಿನಲ್ಲಿ. ಜನರ ಬಾಯಲ್ಲಿದ್ದ ಕ್ರಿಯೋಲ್ ಫ್ರೆಂಚಿನ ಜೊತೆಗೆ ಅಧಿಕೃತ ಭಾಷೆಯಾದದ್ದು 1987ರ ಸಂವಿಧಾನದಲ್ಲಿ. ಮನೆಯ ಭಾಷೆ ಬೇರೆ, ಕಚೇರಿಯ ಭಾಷೆ ಬೇರೆ ಆದಾಗ ಯಾರು ಒಳಗೆ, ಯಾರು ಹೊರಗೆ ಎಂಬುದು ಹೇಗೆ ನಿರ್ಧಾರವಾಗುತ್ತದೆ ಎಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. 1880ರಲ್ಲಿ ಹೈಟಿಯ 'ರಾಷ್ಟ್ರೀಯ ಬ್ಯಾಂಕ್' ಶುರುವಾಯಿತು. ಅದರ ಒಡೆತನ ಪ್ಯಾರಿಸ್ಸಿನ ಬ್ಯಾಂಕೊಂದರ ಕೈಯಲ್ಲಿ. ದೇಶದ ಬೊಕ್ಕಸದ ವಹಿವಾಟಿಗೆಲ್ಲ ಅದಕ್ಕೆ ಕಮಿಷನ್. 1914ರ ಡಿಸೆಂಬರಿನಲ್ಲಿ ಅಮೆರಿಕದ ನೌಕಾ ಸೈನಿಕರು ಆ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ಹಡಗಿಗೆ ಏರಿಸಿ ನ್ಯೂಯಾರ್ಕಿಗೆ ಒಯ್ದರು. ಮರುವರ್ಷ ಅಮೆರಿಕ ದೇಶವನ್ನೇ ಆಕ್ರಮಿಸಿ 1934ರವರೆಗೆ ಕೂತಿತು. ರಸ್ತೆ ಹಾಕಿಸಲು ರೈತರನ್ನು ಬಿಟ್ಟಿ ದುಡಿಸಿತು. ವಿದೇಶಿಯರು ನೆಲ ಕೊಳ್ಳಬಾರದೆಂಬ ಡೆಸಲೀನ್ ಕಾಲದ ನಿಯಮವನ್ನು 1918ರಲ್ಲಿ ತೆಗೆಸಿತು. ಪರಿಹಾರದ ಹಣ 1880ರ ದಶಕದಲ್ಲಿ ತೀರಿತ್ತು. ಅದರ ಬಾಲದಂತೆ ಬೆಳೆದ ಸಾಲಗಳು ಪೂರ್ತಿ ತೀರಿದ್ದು 1947ರಲ್ಲಿ. ನಾವು ಸ್ವಾತಂತ್ರ್ಯ ಪಡೆದ ವರ್ಷ ಅವರು ತಮ್ಮ ಸ್ವಾತಂತ್ರ್ಯದ ಕಂತು ಕಟ್ಟಿ ಮುಗಿಸಿದರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಕನ್ನಡದಲ್ಲಿ ಎರಡು ಪದಗಳಿವೆ, ಸಾಲ ಮತ್ತು ಋಣ. ಸಾಲಕ್ಕೆ ಅಸಲು ಉಂಟು, ಬಡ್ಡಿ ಉಂಟು, ಪತ್ರ ಉಂಟು, ತೀರುವ ದಿನ ಉಂಟು. ಋಣಕ್ಕೆ ಇವು ಯಾವುವೂ ಇಲ್ಲ. ತಾಯಿಯ ಋಣ, ಅನ್ನದ ಋಣ, ಊರಿನ ಋಣ ಎನ್ನುತ್ತೇವೆ. ತೀರಿಸಲಾಗದು ಎಂದು ಒಪ್ಪಿಕೊಳ್ಳುವುದೇ ಅದನ್ನು ಹೊರುವ ರೀತಿ. ಎರಡೂ ಒಳ್ಳೆಯ ಪದಗಳೇ. ತೊಂದರೆ ಇರುವುದು ಯಾವುದನ್ನು ಯಾವಾಗ ಬಳಸುತ್ತೇವೆ ಎಂಬುದರಲ್ಲಿ. ಬಲಶಾಲಿಗಳಿಗೆ ಬರಬೇಕಾದದ್ದು ಯಾವಾಗಲೂ ಸಾಲ, ಅವರು ಕೊಡಬೇಕಾದದ್ದು ಯಾವಾಗಲೂ ಋಣ. ಮೊದಲನೆಯದಕ್ಕೆ ಬೆನ್ನ ಹಿಂದೆ ಫಿರಂಗಿ, ಎರಡನೆಯದಕ್ಕೆ ಭಾಷಣ.

ಇದು ಹೈಟಿಗೆ ಮಾತ್ರ ಸೀಮಿತವಲ್ಲ. 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ಮಾಲೀಕರಿಗೆ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಇಲ್ಲ. ಬದಲಾಗಿ ಇನ್ನೂ ಕೆಲವು ವರ್ಷ 'ತರಬೇತಿ'ಯ ಹೆಸರಿನಲ್ಲಿ ಹಳೆಯ ಒಡೆಯರ ಬಳಿಯೇ ದುಡಿಯಬೇಕೆಂಬ ನಿಯಮ. ಅದಕ್ಕಾಗಿ ಸರ್ಕಾರ ಎತ್ತಿದ ಸಾಲ, ರೂಪ ಬದಲಿಸುತ್ತಾ ಬಂದು, ಪೂರ್ತಿ ತೀರಿದ್ದು 2015ರಲ್ಲಿ. ನಮ್ಮಲ್ಲಿ ಎಷ್ಟೋ ಜನ ಲಂಡನ್ನಿಗೆ, ರೆಡಿಂಗಿಗೆ ಆನ್‌ಸೈಟ್ ಹೋಗಿ ಬಂದವರಿದ್ದೇವೆ. 2015ಕ್ಕೆ ಮುಂಚೆ ಅಲ್ಲಿ ತೆರಿಗೆ ಕಟ್ಟಿದ್ದರೆ, ಜಮೈಕಾದ ತೋಟದ ಮಾಲೀಕನಿಗೆ ಕೊಟ್ಟ ಪರಿಹಾರದಲ್ಲಿ ನಮ್ಮದೂ ಒಂದು ಕಾಸು ಇದೆ. 'ಅದೆಲ್ಲ ಹಳೆಯ ಕತೆ, ಈಗ ಬದುಕಿರುವವರಿಗೆ ಏನು ಸಂಬಂಧ' ಎನ್ನುವ ವಾದ ಇಲ್ಲಿ ತಡವರಿಸುತ್ತದೆ. ಮಾಲೀಕರ ಬಾಕಿ 182 ವರ್ಷ ಹಳೆಯದಾಗಲಿಲ್ಲವಲ್ಲ!

ಬೇರೆ ರೀತಿಯ ಲೆಕ್ಕವೂ ಸಾಧ್ಯ ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಅಪ್ಪನ ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ದುಡಿದಷ್ಟೂ ಸಾಲ ಕರಗುವುದಿಲ್ಲ. ಜೀತ ನಡೆದದ್ದೇ ಹಾಗೆ. 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆ ಈ ಸಾಲಗಳನ್ನು ಇನ್ಸ್ಟಾಲ್‌ಮೆಂಟಿಗೆ ಇಳಿಸಲಿಲ್ಲ, ಒಡೆಯರಿಗೆ ಪರಿಹಾರ ಕೊಡಲಿಲ್ಲ. ಜೀತದ ಸಾಲ ರದ್ದಾಯಿತು ಎಂದಿತು. ಇನ್ನು ಮುಂದೆ ಅದನ್ನು ವಸೂಲು ಮಾಡುವುದೇ ಅಪರಾಧ ಎಂದಿತು. ಕಾಯಿದೆ ಎಷ್ಟರ ಮಟ್ಟಿಗೆ ಜಾರಿಯಾಯಿತು ಎಂಬುದು ಬೇರೆ ಮಾತು. ಆದರೆ ತತ್ವ ಸ್ಪಷ್ಟ: ಒಬ್ಬ ಮನುಷ್ಯನ ಮೈಯನ್ನು ಒತ್ತೆಯಾಗಿಟ್ಟು ಬರೆದ ಸಾಲ ಸಾಲವೇ ಅಲ್ಲ. ಈ ಅಳತೆಗೋಲು ಹಿಡಿದರೆ 1825ರ ಪತ್ರದ ಗತಿ ಏನು? ಅದರಲ್ಲಿ ಸಾಲಗಾರ ಇದ್ದ, ಆದರೆ ಅವನು ಆಜ್ಞೆ ಹೊರಡಿಸಿದವನು.

ಇದಕ್ಕೆ ಬರುವ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೊದಲನೆಯದು: ಹೈಟಿಯನ್ನು ಹಾಳುಮಾಡಿದವರು ಅದರ ಆಳುವವರೇ ಅಲ್ಲವೇ? ನಮ್ಮ ಕಸುಬಿನಲ್ಲಿ ಪ್ರಾಜೆಕ್ಟ್ ಬಿದ್ದಾಗ ಮೂಲ ಕಾರಣ ಹುಡುಕಲು ಐದು ಸಲ 'ಯಾಕೆ' ಎಂದು ಕೇಳುವ ರೂಢಿಯಿದೆ. ಮೀಟಿಂಗಿನಲ್ಲಿ ಪ್ರತಿಯೊಬ್ಬರೂ ತಮ್ಮ ತಂಡದ ಹೆಸರು ಬರುವ ಒಂದು ಹೆಜ್ಜೆ ಮುಂಚೆ ನಿಲ್ಲಿಸಲು ನೋಡುತ್ತಾರೆ. ಹೈಟಿಯ ವಿಷಯದಲ್ಲೂ ಹಾಗೆಯೇ. ಪ್ಯಾರಿಸ್ಸಿಗೆ 'ಆಡಳಿತ ಸರಿಯಿಲ್ಲ' ಎಂಬ ಮೊದಲ ಉತ್ತರದಲ್ಲಿ ನಿಲ್ಲುವುದು ಅನುಕೂಲ. ಪೋರ್ಟ್-ಒ-ಪ್ರಿನ್ಸಿನ ಧನಿಕರಿಗೆ 1825ರ ಕೊನೆಯ ಉತ್ತರಕ್ಕೆ ನೆಗೆಯುವುದು ಅನುಕೂಲ. 1957ರಿಂದ 1986ರವರೆಗೆ ಆಳಿದ ದುವಾಲಿಯೇ ಅಪ್ಪ-ಮಗ ಕೊಂದ ಜನರ, ದೋಚಿದ ಹಣದ ಹೊಣೆ ಅವರದೇ, ಹತ್ತನೆಯ ಚಾರ್ಲ್ಸ್‌ನದಲ್ಲ. ಆದರೆ ಐದೂ 'ಯಾಕೆ'ಗಳನ್ನು ಕೇಳಿದರೆ ಕೊಂಡಿ ಕಾಣುತ್ತದೆ. ಒಂದು ಶತಮಾನ ಕಾಲ ವಸೂಲಿ ಮಾಡುವುದನ್ನಷ್ಟೇ ಕಲಿತ ಸರ್ಕಾರ ದುವಾಲಿಯೇ ಕೈಗೆ ಸಿಕ್ಕಿತ್ತು. ಮಗ ದುವಾಲಿಯೇ ಕೊನೆಗೆ ಓಡಿಹೋಗಿ ನೆಲೆಸಿದ್ದು ಫ್ರಾನ್ಸಿನಲ್ಲೇ. 1990ರ ದಶಕದಲ್ಲಿ ಹೊರಗಿನ ಒತ್ತಡಕ್ಕೆ ಮಣಿದು ಹೈಟಿ ಅಕ್ಕಿಯ ಆಮದು ಸುಂಕವನ್ನು ಶೇಕಡಾ 50ರಿಂದ 3ಕ್ಕೆ ಇಳಿಸಿತು. ಅಗ್ಗದ ಅಮೆರಿಕನ್ ಅಕ್ಕಿ ಬಂದು ಅಲ್ಲಿನ ಭತ್ತದ ರೈತರು ಮುಳುಗಿದರು. ಅದು ತನ್ನ ರಾಜ್ಯದ ರೈತರಿಗೆ ಒಳ್ಳೆಯದಾಗಿರಬಹುದು, ಆದರೆ ತಪ್ಪು ನೀತಿ ಎಂದು 2010ರಲ್ಲಿ ಬಿಲ್ ಕ್ಲಿಂಟನ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು. ಹೊಣೆ ಹಲವರದು ಎಂದರೆ ಯಾರದೂ ಅಲ್ಲ ಎಂದಲ್ಲ.

ಎರಡನೆಯ ಆಕ್ಷೇಪ ಕಾಲದ್ದು. ತತ್ವಶಾಸ್ತ್ರಜ್ಞ ಜೆರೆಮಿ ವಾಲ್ಡ್ರನ್ 1992ರ ಪ್ರಬಂಧವೊಂದರಲ್ಲಿ, ಪರಿಸ್ಥಿತಿ ಬದಲಾದಂತೆ ಹಳೆಯ ಅನ್ಯಾಯದ ಮೇಲಿನ ಹಕ್ಕು ಮಸುಕಾಗಬಹುದು ಎಂದು ವಾದಿಸುತ್ತಾರೆ. ಕಿತ್ತುಕೊಂಡ ನೆಲದಲ್ಲಿ ಈಗ ಬೇರೆ ನಿರಪರಾಧಿಗಳು ಬದುಕು ಕಟ್ಟಿಕೊಂಡಿರುತ್ತಾರೆ; ಅವರನ್ನು ಎಬ್ಬಿಸುವುದು ಹೊಸ ಅನ್ಯಾಯವಾಗುತ್ತದೆ. ತೂಕವಿರುವ ಮಾತು. ಆದರೆ ಹೈಟಿಯ ವಿಷಯದಲ್ಲಿ ಎಬ್ಬಿಸಬೇಕಾದ ನೆಲ ಯಾವುದೂ ಇಲ್ಲ. ಇರುವುದು ತಾರೀಖು, ಮೊತ್ತ, ರಸೀದಿ. ಪಡೆದದ್ದು ಒಂದು ಸರ್ಕಾರ, ಕೊಟ್ಟದ್ದು ಇನ್ನೊಂದು. ಎರಡೂ ಇಂದಿಗೂ ಇವೆ. 1825ರಲ್ಲಿ ಹುಟ್ಟಿಯೇ ಇರದ ರೈತರಿಂದ 1900ರಲ್ಲೂ ಸುಂಕ ವಸೂಲಿ ಮಾಡುವಾಗ 'ಸಾಲ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ' ಎಂಬ ನಿಯಮ ಬೇಕಿತ್ತು. ಅದೇ ನಿಯಮ ತಿರುಗಿ ಬಂದಾಗ 'ಅಜ್ಜಂದಿರ ತಪ್ಪಿಗೆ ಮೊಮ್ಮಕ್ಕಳು ಹೊಣೆಯಲ್ಲ' ಎನ್ನುವಂತಿಲ್ಲ. ನಮ್ಮ ಊರುಗಳಲ್ಲಿ ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ: ಆಸ್ತಿ ತೆಗೆದುಕೊಂಡವನು ಆ ಆಸ್ತಿಯ ಮಟ್ಟಿಗೆ ಸಾಲವನ್ನೂ ಹೊರಬೇಕು. ಬೇಡವಾದರೆ ಎರಡನ್ನೂ ಬಿಡಬೇಕು.

ಮೂರನೆಯದು: ಕೊಟ್ಟರೆ ಯಾರ ಕೈಗೆ? ಗ್ಯಾಂಗುಗಳ ಕೈಗೆ ಹೋಗುವುದಿಲ್ಲವೇ? ಇದು ನಿಜವಾದ ಕಷ್ಟ. ಆದರೆ ಇದು ಹೇಗೆ ಕೊಡಬೇಕು ಎಂಬ ಪ್ರಶ್ನೆ, ಕೊಡಬೇಕೇ ಎಂಬುದಲ್ಲ. ನಾನು ನಿಮಗೆ ಹಣ ಕೊಡಬೇಕಿದ್ದು, ನಿಮ್ಮ ಮನೆಯಲ್ಲಿ ಜಗಳವಿದೆ ಎಂಬ ಕಾರಣಕ್ಕೆ ನನ್ನ ಬಾಕಿ ಮನ್ನಾ ಆಗುವುದಿಲ್ಲ. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಗಿಡ ನೆಡುವುದು, ದಾರಿಗಳು ಇವೆ. ಕೊಡುವವರು ಮನಸ್ಸು ಮಾಡಿ, ಪಡೆಯುವವರ ಮಾತಿಗೂ ಅದರಲ್ಲಿ ಜಾಗವಿದ್ದರೆ ದಾರಿ ಹುಡುಕುವುದು ಅಸಾಧ್ಯವೇನಲ್ಲ.

2003ರಲ್ಲಿ ಅಧ್ಯಕ್ಷ ಅರಿಸ್ಟೀಡ್ ಫ್ರಾನ್ಸಿನ ಮುಂದೆ ಒಂದು ಮೊತ್ತ ಇಟ್ಟರು: 2,168 ಕೋಟಿ 51 ಲಕ್ಷ 35 ಸಾವಿರದ 571 ಡಾಲರ್ 48 ಸೆಂಟ್. ಮರುವರ್ಷ ಫೆಬ್ರವರಿಯಲ್ಲಿ ಅವರು ಅಧಿಕಾರ ಕಳೆದುಕೊಂಡು ದೇಶ ಬಿಟ್ಟರು. ಬೇಡಿಕೆಯೂ ಅವರ ಜೊತೆ ಹೋಯಿತು. 2015ರಲ್ಲಿ ಫ್ರಾನ್ಸಿನ ಅಧ್ಯಕ್ಷ ಒಲಾಂದ್, ಹೈಟಿಗೆ ಹೋದಾಗ ನಮ್ಮ ಬಾಕಿ ತೀರಿಸುತ್ತೇನೆ ಎಂಬ ಅರ್ಥದ ಮಾತಾಡಿದರು. ಕೇಳಿದವರು ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೇ ಅವರ ಕಡೆಯವರು ಸ್ಪಷ್ಟೀಕರಣ ಕೊಟ್ಟರು: ಅದು ನೈತಿಕ ಬಾಕಿ, ಹಣದ್ದಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಋಣ ಒಪ್ಪಿದರು, ಸಾಲ ಒಪ್ಪಲಿಲ್ಲ. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಹಳೆಯ ದಾಖಲೆಗಳನ್ನು ಜಾಲಾಡಿ, ಹೈಟಿ ಕಟ್ಟಿದ್ದು ಇಂದಿನ ಬೆಲೆಯಲ್ಲಿ ಸುಮಾರು 56 ಕೋಟಿ ಡಾಲರ್, ಅದು ದೇಶದಲ್ಲೇ ಉಳಿದು ಬೆಳೆದಿದ್ದರೆ 2,100 ಕೋಟಿಯಿಂದ 11,500 ಕೋಟಿ ಡಾಲರ್ ಆಗಿರುತ್ತಿತ್ತು ಎಂದು ಅಂದಾಜು ಮಾಡಿತು. 2025ರ ಏಪ್ರಿಲ್ 17ಕ್ಕೆ ಆಜ್ಞಾಪತ್ರಕ್ಕೆ 200 ವರ್ಷ ತುಂಬಿತು. ಆ ದಿನ ಅಧ್ಯಕ್ಷ ಮಾಕ್ರಾನ್ ಎರಡೂ ದೇಶಗಳ ಇತಿಹಾಸಕಾರರ ಜಂಟಿ ಆಯೋಗವನ್ನು ಘೋಷಿಸಿದರು. ಹಣದ ಮಾತು ಅದರಲ್ಲೂ ಇರಲಿಲ್ಲ.

ಅರಿಸ್ಟೀಡ್ ಅವರ ಆ 48 ಸೆಂಟ್ ನೋಡಿ ನಗು ಬರಬಹುದು. ಇಷ್ಟು ದೊಡ್ಡ ಮೊತ್ತಕ್ಕೆ ಸೆಂಟಿನ ಬಾಲವೇಕೆ? ಅವರ ಲೆಕ್ಕ ಪೂರ್ತಿ ಸರಿಯಿತ್ತು ಎಂದು ನಾನು ಹೇಳುತ್ತಿಲ್ಲ. ಬಡ್ಡಿಯ ದರ ಬದಲಿಸಿದರೆ ಮೊತ್ತ ಬದಲಾಗುತ್ತದೆ. ಆದರೆ ಇನ್‌ವಾಯ್ಸ್ ಬರೆಯುವವರು ಪೈಸೆಯನ್ನೂ ಬಿಡುವುದಿಲ್ಲ. ನಮಗೆ ಬೇಕಾದದ್ದು ಕನಿಕರವಲ್ಲ, ಬರಬೇಕಾದ ಬಾಕಿ ಎಂದು ಆ 48 ಸೆಂಟ್ ಹೇಳುತ್ತಿತ್ತು. ಭೂಕಂಪವಾದಾಗ ಜಗತ್ತು ಹೈಟಿಗೆ ಧಾರಾಳವಾಗಿ ದಾನ ಕೊಟ್ಟಿತು. ದಾನ ಕೊಡುವವನ ಕೈ ಮೇಲಿರುತ್ತದೆ, ಬಾಕಿ ತೀರಿಸುವವನ ಕೈ ಮೇಲಿರುವುದಿಲ್ಲ. ಇನ್ನೂರು ವರ್ಷ ಕಳೆದರೂ ತೀರದೆ ಉಳಿದಿರುವ ತಕರಾರು ಬಹುಶಃ ಆ ಕೈಯ ಎತ್ತರದ್ದೇ.